ಟೊಯೋಟಾ ಜಿಆರ್86ಗೆ ಎಕ್ಸಾಸ್ಟ್ ಬದಲಿಸಬೇಕು, ದಿನಾ ಓಡಿಸುವ ಗಾಡಿ. ಏನು ನೋಡಿ ಆರಿಸಲಿ?

ನೀವು ಕೊಟ್ಟ ವಿವರ ಇಷ್ಟು: 2022ರ ಜಿಆರ್86 ಪ್ರೀಮಿಯಂ, ಮ್ಯಾನ್ಯುಯಲ್ ಗೇರು, ವಾಸ ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ದಿನಾ ಆಫೀಸಿಗೆ ಇದೇ ಗಾಡಿ, ವರ್ಷಕ್ಕೆ ಎರಡು ಸಲ ಲಗೂನಾ ಸೆಕಾ ಟ್ರ್ಯಾಕ್, ಬಜೆಟ್ 1,500 ಡಾಲರ್. ಸದ್ದೂ ಬೇಕು, ಪವರೂ ಬೇಕು, ಫ್ರೀವೇಯಲ್ಲಿ ತಲೆನೋವು ಬರಬಾರದು.

ಪವರ್ ಆಸೆಯನ್ನು ಮೊದಲೇ ಬಿಟ್ಟುಬಿಡಿ. ಇದು ಟರ್ಬೊ ಇಲ್ಲದ 2.4 ಲೀಟರ್ ಎಂಜಿನ್, ಕಂಪನಿಯಿಂದಲೇ 228 ಎಚ್‌ಪಿ. ಇಂಥ ಎಂಜಿನ್‌ನಲ್ಲಿ ಸಿಗುವ ಲಾಭದ ಬಹುಪಾಲು ಹೆಡರ್ (ಎಂಜಿನ್‌ನಿಂದ ಹೊಗೆ ಹೊರತರುವ ಮೊದಲ ಪೈಪುಗಳು) ಮತ್ತು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಟ್ಯೂನ್‌ನಲ್ಲಿದೆ. ಕ್ಯಾಟ್-ಬ್ಯಾಕ್, ಅಂದರೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಆದಮೇಲಿನ ಪೈಪು, ಮಫ್ಲರ್ (ಸೈಲೆನ್ಸರ್ ಡಬ್ಬ) ಮಾತ್ರ ಬದಲಿಸಿದರೆ ಪವರ್ ಅಳೆಯುವ ಯಂತ್ರವಾದ ಡೈನೋದಲ್ಲಿ ಐದು ಎಚ್‌ಪಿ ಕಂಡರೆ ದೊಡ್ಡದು. ಅದೇ ಗಾಡಿಯನ್ನು ಅದೇ ಡೈನೋ ಮೇಲೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಬಿಸಿಲಿಗೆ ಒಮ್ಮೆ ಓಡಿಸಿದರೂ ಅಷ್ಟು ವ್ಯತ್ಯಾಸ ಬಂದೀತು.

ಹಾಗಾದರೆ ಹೆಡರ್ ಹಾಕಿಸೋಣ ಅನ್ನಬೇಡಿ. ಈ ಗಾಡಿಯ ಮೊದಲ ಕ್ಯಾಟ್ ಹೆಡರ್‌ನಲ್ಲೇ ಸೇರಿಕೊಂಡಿದೆ, ಎರಡನೆಯದು ಫ್ರಂಟ್ ಪೈಪಿನಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಇವೆರಡರಲ್ಲಿ ಯಾವುದನ್ನು ಮುಟ್ಟಿದರೂ ಹೊಸ ಭಾಗಕ್ಕೆ ರಾಜ್ಯದ ವಾಯುಮಾಲಿನ್ಯ ಮಂಡಳಿ ಕಾರ್ಬ್ ಕೊಡುವ ಇಒ (ಅನುಮತಿ) ನಂಬರ್ ಇರಲೇಬೇಕು. ಇಲ್ಲದಿದ್ದರೆ ರಸ್ತೆಗೆ ಕಾನೂನುಬಾಹಿರ. ಹೊಸ ಗಾಡಿಗೆ ಮೊದಲ ಕೆಲವು ವರ್ಷ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಇರುವುದಿಲ್ಲ ಎಂಬ ಧೈರ್ಯ ಹಲವರಿಗಿದೆ. ಆದರೆ 2021ರ ಜುಲೈಯಿಂದ ಸ್ಮಾಗ್ ಚೆಕ್‌ನಲ್ಲಿ ಇಸಿಯು ಸಾಫ್ಟ್‌ವೇರ್ ಬದಲಾಗಿದೆಯೇ ಎಂದೂ ನೋಡುತ್ತಾರೆ. ಮುಂದೆ ಮಾರುವಾಗ ಹಳೇ ಹೆಡರ್ ಹುಡುಕಿಕೊಂಡು ಒದ್ದಾಡಬೇಕಾದೀತು. ಎರಡೂ ಕ್ಯಾಟ್‌ಗಳ ಹಿಂದಿನ ಭಾಗಕ್ಕೆ ಇಒ ಬೇಡ. ಆಕ್ಸಿಜನ್ ಸೆನ್ಸರ್‌ಗಳೂ ಅದರ ಮುಂದೆಯೇ ಮುಗಿದುಹೋಗುವುದರಿಂದ ಟ್ಯೂನೂ ಬೇಡ, ಚೆಕ್ ಎಂಜಿನ್ ದೀಪವೂ ಹತ್ತಿಕೊಳ್ಳುವುದಿಲ್ಲ. ನಿಮ್ಮ ಆಯ್ಕೆ ಅಷ್ಟರೊಳಗೇ.

ಇನ್ನೊಂದು ಭ್ರಮೆ: ಕ್ಯಾಟ್-ಬ್ಯಾಕ್ ಹಾಕಿದರೆ ಹಳೇ ಸುಬಾರು ಡಬ್ಲ್ಯೂಆರ್‌ಎಕ್ಸ್ ಕಾರಿನ ಥರ ಗುಡುಗುಡು ಬರುತ್ತದೆ ಅನ್ನೋದು. ಬರುವುದಿಲ್ಲ. ಆ ಸದ್ದು ಹುಟ್ಟುವುದು ಹೆಡರ್‌ನ ಉದ್ದ-ಗಿಡ್ಡ ಪೈಪುಗಳಲ್ಲಿ. ಹಿಂದೆ ಏನು ಕಟ್ಟಿದರೂ ಇರುವ ಸದ್ದೇ ಜೋರಾಗುತ್ತದೆ, ಜಾತಿ ಬದಲಾಗುವುದಿಲ್ಲ.

ಈಗ ನಿಜವಾದ ಸಮಸ್ಯೆಗೆ ಬರೋಣ. ಇಲ್ಲಿನವರು ಡ್ರೋನ್ ಅನ್ನುವ, ಕಿವಿಯೊಳಗೆ ಕೂತು ಒಂದೇ ಸಮನೆ ಗುಂಯ್‌ಗುಡುವ ಆ ಸದ್ದು ಎಲ್ಲಿ ಬರುತ್ತದೆಂದು ಕಾಗದದ ಮೇಲೇ ಲೆಕ್ಕ ಹಾಕಬಹುದು. ನಿಮ್ಮ ಗಾಡಿಯ ಆರನೇ ಗೇರಿನ ಅನುಪಾತ 0.767, ಚಕ್ರಕ್ಕೆ ಮುಂಚಿನ ಕೊನೆಯ ಗೇರಿನದು (ಫೈನಲ್ ಡ್ರೈವ್) 4.1. 215/40 ಆರ್18 ಟೈರು ಒಂದು ಸುತ್ತಿಗೆ ಸುಮಾರು 1.98 ಮೀಟರ್ ಉರುಳುತ್ತದೆ. ಗಂಟೆಗೆ 65 ಮೈಲಿಯಲ್ಲಿ ಎಂಜಿನ್ 2,775 ಆರ್‌ಪಿಎಂ, 70ರಲ್ಲಿ ಹೆಚ್ಚುಕಡಿಮೆ 3,000, 75ರಲ್ಲಿ 3,200. ನಾಲ್ಕು ಸಿಲಿಂಡರ್ ಎಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಫೈರ್ ಆಗುತ್ತದೆ, ಹಾಗಾಗಿ ಆರ್‌ಪಿಎಂ ಅನ್ನು 30ರಿಂದ ಭಾಗಿಸಿದರೆ ಸದ್ದಿನ ಹರ್ಟ್ಸ್ ಸಿಗುತ್ತದೆ. ಅಂದರೆ ನೀವು ದಿನಾ ಕೂರುವುದು 92ರಿಂದ 107 ಹರ್ಟ್ಸ್ ಮಧ್ಯೆ. ಚಿಕ್ಕ ಕ್ಯಾಬಿನ್ ಒಳಗೆ ಈ ಶ್ರುತಿ ಸಿಕ್ಕಿಹಾಕಿಕೊಂಡರೆ ಕಿಟಕಿ ಮುಚ್ಚಿದಷ್ಟೂ ಹಿಂಸೆ. ಆಟೊಮ್ಯಾಟಿಕ್‌ನಲ್ಲಿ ಮೇಲಿನ ಗೇರು ಉದ್ದ, 70 ಮೈಲಿಗೆ 2,160 ಆರ್‌ಪಿಎಂ ಸಾಕು. ಆದ್ದರಿಂದ ಆಟೊಮ್ಯಾಟಿಕ್ ಇಟ್ಟುಕೊಂಡವರು “ನನ್ನದರಲ್ಲಿ ಡ್ರೋನ್ ಇಲ್ಲವೇ ಇಲ್ಲ” ಎಂದು ಬರೆದಿದ್ದರೆ ಅದು ನಿಮಗೆ ಲೆಕ್ಕಕ್ಕಿಲ್ಲ.

ಇದಕ್ಕೆ ಮದ್ದು ಎರಡು. ಮಧ್ಯದ ಪೈಪಿನಲ್ಲಿ ಒಳ್ಳೇ ಉದ್ದದ ರೆಸೊನೇಟರ್ (ಕೆಲವು ಶ್ರುತಿಗಳನ್ನು ತಗ್ಗಿಸುವ ಡಬ್ಬ) ಒಂದು. ಇನ್ನೊಂದು, ಪೈಪಿನ ಪಕ್ಕಕ್ಕೆ ಕವಲಾಗಿ ಬೆಸೆದ, ತುದಿ ಮುಚ್ಚಿದ ಕೊಳವೆ, ಜೆ-ಪೈಪ್ ಅಂತಾರೆ. ಕವಲಿನೊಳಗೆ ಹೋದ ಸದ್ದು ಮುಚ್ಚಿದ ತುದಿಗೆ ಬಡಿದು ಉಲ್ಟಾ ಆಗಿ ಬಂದು ಮುಖ್ಯ ಪೈಪಿನ ಅದೇ ಶ್ರುತಿಯನ್ನು ಕೊಲ್ಲುತ್ತದೆ. ಅದರ ಉದ್ದ ಆ ಶ್ರುತಿಯ ತರಂಗದ ಕಾಲು ಭಾಗ ಇರಬೇಕು. 95 ಹರ್ಟ್ಸ್‌ಗೆ ಲೆಕ್ಕ ಹಾಕುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ, ಕೋಣೆಯ ಗಾಳಿಯಲ್ಲಿ ಶಬ್ದದ ವೇಗ 343 ಮೀಟರ್ ಎಂದು ಹಿಡಿದು 90 ಸೆಂಟಿಮೀಟರ್ ಕತ್ತರಿಸಿಬಿಡುತ್ತಾರೆ. ಪೈಪಿನೊಳಗಿನ ಹೊಗೆ ಬಿಸಿ. 200 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 436 ಮೀಟರ್, ಉದ್ದ 1.15 ಮೀಟರ್ ಬೇಕು. 90 ಸೆಂಟಿಮೀಟರ್ ಕೊಳವೆ 3,600 ಆರ್‌ಪಿಎಂ ಹತ್ತಿರದ ಸದ್ದನ್ನು ಅಡಗಿಸುತ್ತದೆ, ನಿಮ್ಮ ಡ್ರೋನ್ ಇದ್ದಲ್ಲೇ ಇರುತ್ತದೆ. ಮಫ್ಲರ್ ಅಂಗಡಿಯಲ್ಲಿ ಮಾಡಿಸುವುದಾದರೆ 1.25 ಮೀಟರ್ ಇಟ್ಟು, ತುದಿಗೆ ಮುಚ್ಚಳಕ್ಕೆ ಟ್ಯಾಕ್ (ಅಲ್ಲಲ್ಲಿ ಚುಕ್ಕೆ ವೆಲ್ಡ್) ಮಾತ್ರ ಹೊಡೆಸಿ, ಫ್ರೀವೇಗೆ ಹೋಗಿಬಂದು ಸ್ವಲ್ಪ ಸ್ವಲ್ಪವೇ ಕತ್ತರಿಸಿಸಿ. ಕತ್ತರಿಸಿದ್ದನ್ನು ಮತ್ತೆ ಸೇರಿಸುವುದು ಕಿರಿಕಿರಿ.

ಪೈಪಿನ ದಪ್ಪ: ಎರಡೂವರೆ ಇಂಚು, ಅಂದರೆ 63.5 ಎಂಎಂ. ಮೆಕ್ಯಾನಿಕ್‌ಗಳ ಅಂದಾಜು ಲೆಕ್ಕದಲ್ಲಿ ಎಚ್‌ಪಿಗೆ 2.2 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಹರಿವು ಬೇಕು, ನಿಮಗೆ 500. ಎರಡೂವರೆ ಇಂಚಿನ ಪೈಪು ಸರಿಸುಮಾರು ಅಷ್ಟನ್ನೇ ಸಾಗಿಸುತ್ತದೆ. ಮೂರಿಂಚು ಟರ್ಬೊ ಹಾಕುವ ಯೋಚನೆ ಇದ್ದವರಿಗೆ. ನಿಮಗೆ ಅದು ಸದ್ದು ಮಾತ್ರ.

ಲೋಹದ ವಿಷಯಕ್ಕೆ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಅಗ್ಗದ ದರ್ಜೆಯ 409 ಸ್ಟೇನ್‌ಲೆಸ್ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ತುಕ್ಕು ಹೆಚ್ಚು ತಡೆಯುವ 304 ಕಚ್ಚುವುದಿಲ್ಲ ಅಥವಾ ಬಾಗಿಸಿದ ಕಡೆ ಅಷ್ಟಿಷ್ಟು ಎಳೆಯುತ್ತದೆ. “304” ಎಂದು ಹೆಸರಿಟ್ಟು ಪೈಪು 304, ಮಫ್ಲರ್ ಡಬ್ಬ ಮಾತ್ರ 409 ಮಾಡುವ ಜಾಣರಿದ್ದಾರೆ. ಫ್ರೀಮಾಂಟ್‌ನಲ್ಲಿ ಹಿಮಕ್ಕೆ ಉಪ್ಪು ಸುರಿಯುವ ಗೋಜಿಲ್ಲ, 409 ಕೂಡ ಬಾಳುತ್ತದೆ. ಆದರೆ 304ರ ದುಡ್ಡು ಕೊಟ್ಟು 409 ತರಬೇಡಿ. ಪೈಪಿನ ಗೋಡೆ 1.2 ಎಂಎಂ ಇದ್ದರೆ ಹಗುರ, ಸದ್ದಿನಲ್ಲಿ ಡಬ್ಬ ಬಡಿದ ಗುಣ ಜಾಸ್ತಿ. 1.5 ಎಂಎಂ ಆದರೆ ಸದ್ದು ತುಂಬಿಕೊಂಡು ಬರುತ್ತದೆ. ಟೈಟಾನಿಯಂ ಇನ್ನೂ ಹಗುರ, ಸದ್ದು ಇನ್ನೂ ಚುರುಕು. ಟೊಮೆಯ್ ಕಂಪನಿಯ ಎಕ್ಸ್‌ಪ್ರೀಮ್ ಟಿಐ ಒಂದೇ ಬಾಯಿಯ ಟೈಟಾನಿಯಂ, ಬಂಪರಿನ ಇನ್ನೊಂದು ಬದಿಯ ತೂತು ಖಾಲಿ ಬಾಯಿ ತೆರೆದುಕೊಂಡಿರುತ್ತದೆ. ಟ್ರ್ಯಾಕ್ ಗಾಡಿಗೆ ಚೆಂದ, ದಿನಾ ಆಫೀಸಿಗೆ ನಾನಂತೂ ಹೇಳುವುದಿಲ್ಲ.

ಮಫ್ಲರ್ ಒಳಗೆ ತೂತು ಕೊರೆದ ನೇರ ಪೈಪು, ಸುತ್ತ ನಾರು ತುಂಬಿದ ಮಾದರಿ ತಗೊಳ್ಳಿ. ಬರೀ ಗಾಜುನಾರು ಇದ್ದರೆ ವರ್ಷಗಳು ಕಳೆದಂತೆ ಸುಟ್ಟು ಉದುರಿ ಸದ್ದು ಏರುತ್ತದೆ. ಕೊರೆದ ಪೈಪಿನ ಮೇಲೆ ಮೊದಲು ಸ್ಟೀಲ್ ನಾರಿನ ಪದರ ಸುತ್ತಿದ್ದರೆ ಬಾಳಿಕೆ ಹೆಚ್ಚು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಗೆಣ್ಣಿನಿಂದ ಡಬ್ಬ ತಟ್ಟಿ ನೋಡಿ. ಒಂದು ಕಡೆ ಮಂಕು ಸದ್ದು, ಇನ್ನೊಂದು ಕಡೆ ಟಣ್ ಎಂದರೆ ನಾರು ಖಾಲಿ.

ಸದ್ದಿನ ಕಾನೂನು: ಕ್ಯಾಲಿಫೋರ್ನಿಯಾದಲ್ಲಿ 95 ಡೆಸಿಬಲ್ ಮಿತಿ, ಅಳೆಯುವುದು ಪೈಪಿನ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ. ಮಾರುವವರು ಕೊಡುವ ಡೆಸಿಬಲ್ ಅಂಕಿ ಈ ವಿಧಾನದ್ದೇ ಎಂದು ಕೇಳಿ, ಐಡಲ್‌ನಲ್ಲಿ ಅಳೆದಿದ್ದು ಬೇಡ. ಲಗೂನಾ ಸೆಕಾ ಇನ್ನೂ ಬಿಗಿ. ಹೆಚ್ಚಿನ ಟ್ರ್ಯಾಕ್ ದಿನಗಳಲ್ಲಿ ಮಿತಿ 90ರ ಆಸುಪಾಸು, ಟ್ರ್ಯಾಕ್ ಪಕ್ಕದ ಮೀಟರ್ ದಾಟಿಹೋಗುವಾಗಲೇ ಅಳೆಯುತ್ತದೆ, ಮೀರಿದರೆ ಕಪ್ಪು ಬಾವುಟ ತೋರಿಸಿ ಒಳಗೆ ಕರೆಯುತ್ತಾರೆ. ಬಾಯಿಗೆ ಸಿಕ್ಕಿಸುವ ಮೊಣಕೈ ಪೈಪನ್ನು ಮೀಟರ್ ಇಲ್ಲದ ಕಡೆಗೆ ತಿರುಗಿಸಿಕೊಂಡು ಬರುವವರು ಅಲ್ಲಿ ಬೇಕಾದಷ್ಟಿದ್ದಾರೆ. ನಮ್ಮೂರಲ್ಲಿ ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನು ರಸ್ತೆಗೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವುದನ್ನು ಟಿವಿಯಲ್ಲಿ ನೋಡಿರುತ್ತೀರಿ, ಅದಕ್ಕೆ ಹೋಲಿಸಿದರೆ ಕಪ್ಪು ಬಾವುಟ ಮರ್ಯಾದೆಯೇ.

ಒಟ್ಟಾರೆ ನಿಮಗೆ: ಎರಡು ಬಾಯಿಯ, ಎರಡೂವರೆ ಇಂಚಿನ, ರೆಸೊನೇಟರ್ ಇರುವ 304 ಕ್ಯಾಟ್-ಬ್ಯಾಕ್. ಕಂಪನಿಗಳು ಒಂದೇ ಗಾಡಿಗೆ ಎರಡು ಮೂರು ದರ್ಜೆ ಮಾಡಿದ್ದರೆ ಮೆತ್ತಗಿನದ್ದನ್ನೇ ಆರಿಸಿ. ಬೋರ್ಲಾದಲ್ಲಿ ಎಸ್-ಟೈಪ್‌ಗಿಂತ ಅಟ್ಯಾಕ್ ಜೋರು, ಉಳಿದವರಲ್ಲೂ ಟೂರಿಂಗ್, ಟ್ರ್ಯಾಕ್ ಎಂಬ ಹೆಸರೇ ಹೇಳುತ್ತದೆ. ಯೂಟ್ಯೂಬ್ ಕ್ಲಿಪ್ ನಂಬಬೇಡಿ, ಫೋನಿನ ಮೈಕು ಜೋರು ಸದ್ದನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದೇ ಎಕ್ಸಾಸ್ಟ್ ಇರುವ ಮ್ಯಾನ್ಯುಯಲ್ ಗಾಡಿಯ ಪಕ್ಕದ ಸೀಟಲ್ಲಿ ಕೂತು, ಆರನೇ ಗೇರಲ್ಲಿ 70 ಮೈಲಿಯಲ್ಲಿ ಹತ್ತು ನಿಮಿಷ, ಕಿಟಕಿ ಮುಚ್ಚಿ, ಸ್ಟೀರಿಯೊ ಬಂದ್ ಮಾಡಿ ಹೋಗಿ. ಪಾರ್ಕಿಂಗ್ ಜಾಗದಲ್ಲಿ ಆಕ್ಸಿಲರೇಟರ್ ಒತ್ತಿ ತೋರಿಸುವುದು ಬರೀ ಶೋಕಿ.

ಕೂರಿಸುವುದು ಮನೆಯಲ್ಲೇ ಸಾಧ್ಯ, ಒಂದು ಮಧ್ಯಾಹ್ನದ ಕೆಲಸ. ಎಂಜಿನ್ ಪೂರ್ತಿ ತಣ್ಣಗಿರಲಿ. ಗಾಡಿ ನಾಲ್ಕು ಜಾಕ್ ಸ್ಟ್ಯಾಂಡ್ ಮೇಲೆ, ಹಳೇ ಮಫ್ಲರ್ ಕೆಳಗೆ ಇನ್ನೊಂದು ಜಾಕ್. ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಿಂದಿನ ರಾತ್ರಿಯೇ ಹಾಕಿ. ಪೈಪು ತೂಗುವ ಹ್ಯಾಂಗರ್ ರಬ್ಬರ್‌ಗೆ ಮಾತ್ರ ಆ ಎಣ್ಣೆ ಬೇಡ, ರಬ್ಬರ್ ಊದಿ ಮೆತ್ತಗಾಗುತ್ತದೆ. ಸೋಪಿನ ನೀರು ಅಥವಾ ಸಿಲಿಕೋನ್ ಸ್ಪ್ರೇ ಸಾಕು. ಗ್ಯಾಸ್ಕೆಟ್ ಹೊಸದೇ ಹಾಕಿ. ಹಳೆಯದು ಒಮ್ಮೆ ಅದುಮಿ ಹೋಗಿದ್ದರೆ ತಣ್ಣಗೆ ಸ್ಟಾರ್ಟ್ ಮಾಡಿದಾಗ ಟಿಕ್‌ಟಿಕ್ ಎಂದು ಸೋರುತ್ತದೆ. ಎಲ್ಲ ಕ್ಲ್ಯಾಂಪ್ ಕೈಬಿಗಿಯಲ್ಲಿಟ್ಟು, ಪೈಪು ಡ್ರೈವ್ ಶಾಫ್ಟ್‌ಗೆ, ಆಂಟಿ-ರೋಲ್ ಬಾರ್‌ಗೆ ತಾಗದಂತೆ ಒಂದು ಬೆರಳಷ್ಟು ಜಾಗ ನೋಡಿಕೊಂಡು, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬನ್ನಿ. ಬ್ಯಾಂಡ್ ಕ್ಲ್ಯಾಂಪಿಗೆ ಸಾಮಾನ್ಯವಾಗಿ 50–60 ನ್ಯೂಟನ್ ಮೀಟರ್, ಡಬ್ಬಿಯೊಳಗಿನ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಸರಿ.

ಟಿಪ್‌ಗಳನ್ನು (ಪೈಪಿನ ಬಾಯಿಗಳನ್ನು) ಬಂಪರ್‌ಗೆ ಸಮ ಮಾಡಿ ಬಿಗಿಯುವ ಮುನ್ನ ಸ್ವಲ್ಪ ತಾಳಿ. 304 ಬಿಸಿಗೆ ಹಿಗ್ಗುತ್ತದೆ. ಎರಡೂವರೆ ಮೀಟರ್ ಪೈಪು 300 ಡಿಗ್ರಿ ಬಿಸಿಯೇರಿದರೆ 13 ಎಂಎಂ ಹಿಂದಕ್ಕೆ ಬರುತ್ತದೆ. ತಣ್ಣಗಿದ್ದಾಗ ಅಷ್ಟು ಒಳಗಿರಲಿ, ಸುತ್ತಲೂ ಬಂಪರಿನಿಂದ ಅಷ್ಟೇ ಅಂತರವಿರಲಿ. ಇಲ್ಲದಿದ್ದರೆ ಮೊದಲ ಟ್ರ್ಯಾಕ್ ದಿನವೇ ಪ್ಲಾಸ್ಟಿಕ್ ಕರಗಿ ಅಂಚು ಬಾಗುತ್ತದೆ. ಕೈಗುರುತನ್ನೆಲ್ಲ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿಯೇ ಸ್ಟಾರ್ಟ್ ಮಾಡಿ, ಬೆರಳಿನ ಜಿಡ್ಡು ಬಿಸಿಗೆ ಕಂದು ಕಲೆಯಾಗಿ ಕೂತುಬಿಡುತ್ತದೆ. ಮೊದಲ ಹದಿನೈದು ಇಪ್ಪತ್ತು ನಿಮಿಷ ಹೊಗೆ, ವಾಸನೆ ಬಂದರೆ ಗಾಬರಿ ಬೇಡ, ತಯಾರಿಯ ಎಣ್ಣೆ ಉರಿಯುತ್ತಿರುತ್ತದೆ. ನೂರು ಮೈಲಿ ಓಡಿದ ಮೇಲೆ, ಮತ್ತೆ ತಣ್ಣಗಾದಾಗ, ಎಲ್ಲ ಕ್ಲ್ಯಾಂಪ್ ಇನ್ನೊಮ್ಮೆ ಬಿಗಿದು ನೋಡಿ. ಹಳೇ ಮಫ್ಲರ್ ಎಸೆಯಬೇಡಿ, ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರಲಿ.