ಓದಿಸಿದ ಅಣ್ಣನೇ ತೋಟದ ಲೆಕ್ಕ ಕೊಡುತ್ತಿಲ್ಲ. ಅವರು ಒಳ್ಳೆಯವರೋ, ಕೆಟ್ಟವರೋ?

ಅಪ್ಪ ತೀರಿಕೊಂಡ ಮೇಲೆ ಫೀಸು ಕಟ್ಟಿ ಓದಿಸಿದವರೂ ಅಣ್ಣನೇ, ನೀವು ಬೆಂಗಳೂರಿಗೆ ಹೋದ ಮೇಲೆ ಕಾಫಿಯ ಲೆಕ್ಕ ಮುಚ್ಚಿಡುತ್ತಿರುವವರೂ ಅವರೇ ಅಂತೀರಿ. ಎರಡೂ ನಿಜವಿರಬಹುದು. ಓದಿಸಿದ ಋಣವನ್ನು ತೋಟದ ಪಾಲಿನಲ್ಲಿ ವಜಾ ಮಾಡಲು ಹೋಗಬೇಡಿ. ಹಾಗೆ ವಜಾ ಮಾಡಲು ಅವರಿಗೂ ಬಿಡಬೇಡಿ.

ಗುಣ ಅಳೆಯುವ ಮೊದಲು ಚೀಟಿ ನೋಡಿ. ಕೊಡಗಿನಲ್ಲಿ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಮಾರುವುದು 50 ಕೆ.ಜಿ. ಚೀಲದ ಲೆಕ್ಕದಲ್ಲಿ. ವ್ಯಾಪಾರಿಯ ಚೀಟಿಯಲ್ಲಿ ಎಷ್ಟು ಚೀಲ, ತೇವಾಂಶ ಎಷ್ಟು, ಓಟಿ ಎಷ್ಟು ಎಂದು ನೋಡಿ. ಓಟಿ ಅಂದರೆ ಒಂದು ಚೀಲ ಚೆರ್ರಿಗೆ ಸಿಗುವ ಬೀಜದ ತೂಕ. ಅದು 28ರಿಂದ 25ಕ್ಕೆ ಇಳಿದರೆ ಚೀಲಕ್ಕೆ 3 ಕಿಲೋ ಬೀಜ ಹೋದಂತೆ. ಹಣ್ಣಾಗದ ಕಾಯಿ ಕೊಯ್ದರೂ, ಕಾಯಿಕೊರಕ ಹುಳು ಬಿದ್ದರೂ ಹೀಗಾಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರಿನ ಡೀಸೆಲ್ ಖರ್ಚು ಬೇರೆ. ಹಾಗಾಗಿ ರೇಟು ಏರಿದ ವರ್ಷ ದುಡ್ಡು ಕಡಿಮೆ ಬಂತು ಅನ್ನುವುದೊಂದೇ ಮೋಸಕ್ಕೆ ಸಾಕ್ಷಿಯಲ್ಲ. ತೋಟದಲ್ಲೇ ಬೆಳೆಯುವ ಕರಿಮೆಣಸಿನ ಲೆಕ್ಕವನ್ನು ಮಾತ್ರ ಬೇರೆಯಾಗಿ ಕೇಳಿ. ಮನೆಮಂದಿಯ ನಡುವೆ ಸುಮ್ಮನೆ ಮಾಯವಾಗುವುದು ಅದೇ.

ಇನ್ನೊಂದು ಮಾತು, ಇದು ನಿಮಗೆ ಹಿಡಿಸಲಿಕ್ಕಿಲ್ಲ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳಲು ರೈಟರ್ ಇಟ್ಟಿದ್ದರೆ ತಿಂಗಳ ಸಂಬಳ ಕೊಡುತ್ತಿದ್ದಿರಿ ತಾನೇ? ಮಳೆಗಾಲವಿಡೀ ತೋಟದಲ್ಲಿ ನಿಂತವರಿಗೆ ಏನು ಕೊಟ್ಟಿರಿ? ತಮ್ಮನ ಹತ್ತಿರ ಸಂಬಳ ಕೇಳಲು ಸಂಕೋಚಪಟ್ಟು ಲೆಕ್ಕವನ್ನೇ ಮುಚ್ಚುವ ಅಣ್ಣಂದಿರಿದ್ದಾರೆ. ಅದು ತಪ್ಪು, ಆದರೆ ಕೇಡಿನ ಬುದ್ಧಿಯಲ್ಲ. ಮೇಲ್ವಿಚಾರಣೆಗೆ ಇಷ್ಟು ಎಂದು ಮೊದಲೇ ಕಳೆದು ಉಳಿದದ್ದನ್ನು ಹಂಚೋಣ ಅಂತ ನೀವೇ ಹೇಳಿ.

ಪುತ್ತರಿ ಸುಗ್ಗಿಹಬ್ಬಕ್ಕೆ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ನೆಂಟರೆಲ್ಲ ಸೇರಿದಾಗ ಈ ವಿಷಯ ಎತ್ತಬೇಡಿ. ನಾಲ್ಕು ಜನರೆದುರು ಕೇಳಿದರೆ ಸಾಚಾ ಮನುಷ್ಯನೂ ಹಟಕ್ಕೆ ಬೀಳುತ್ತಾನೆ. ಕಾಫಿ ಮಾರಿದ ಮೇಲೆ, ಇಬ್ಬರೇ ಕೂತು, ಕಳೆದ ಒಂದೇ ವರ್ಷದ್ದು ಕೇಳಿ, ಒಂದು ತಿಂಗಳು ಸಮಯ ಕೊಡಿ. ರೇಗಾಡಿ ಆಮೇಲೆ ಚೀಟಿಗಳ ಕಂತೆ ತಂದು ಬಿಸಾಡಿದರೆ ಅದು ಸೋಮಾರಿತನ, ಸ್ವಲ್ಪ ನೋವು. ಸಂಬಳದ ಮಾತಿಗೂ ಒಪ್ಪದೆ, ಕೇಳಿದಾಗಲೆಲ್ಲ "ನಿನ್ನನ್ನು ಓದಿಸಿದ್ದು ಯಾರು?" ಅಂದರೆ, ಮಾಡಿದ ಉಪಕಾರವನ್ನು ಬಾಯಿ ಮುಚ್ಚಿಸಲು ಬಳಸುತ್ತಿದ್ದಾರೆ. ಅದನ್ನು ಕೆಟ್ಟದ್ದು ಅನ್ನಲು ನನಗೆ ಹಿಂಜರಿಕೆಯಿಲ್ಲ. ಆಗ ವಕೀಲರನ್ನು ನೋಡಿ. ಜಮ್ಮಾ ಜಾಗಕ್ಕೆ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಕುಟುಂಬದ ಭೂಮಿಗೆ, ಅಣ್ಣನೇ ಪಟ್ಟೆದಾರ, ದಾಖಲೆಯಲ್ಲಿ ಹೆಸರಿರುವ ಕುಟುಂಬದ ಹಿರಿಯ, ಎಂದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ.

ಅಂದಹಾಗೆ, ಮದುವೆಯಾಗಿ ಹೋದ ಅಕ್ಕನ ಹೆಸರು ನಿಮ್ಮ ಪ್ರಶ್ನೆಯಲ್ಲಿ ಒಂದು ಸಲ ಬಂದಿದೆ, ಪಾಲಿನ ಮಾತಿನಲ್ಲಿ ಬಂದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿದೆ. ಲೆಕ್ಕ ಸಿಕ್ಕಿದ ದಿನ ಅವರಿಗೂ ಒಂದು ಪ್ರತಿ ಕಳಿಸಿ.