ಜೀನ್‌ಗಳ ಪಟ್ಟಿ ಸಿಕ್ಕರೆ ಸಾಲದೇ?

ಪ್ರಶ್ನೆ: ಜೀನೋಮ್, ಅಂದರೆ ಜೀವಿಯ ಇಡೀ ಡಿಎನ್‌ಎ ಬರಹ, ಪೂರ್ತಿ ಓದಿಯಾಗಿದೆ ಅನ್ನುತ್ತಾರೆ. ಆದರೂ ಪ್ರೋಟೀನ್‌ಗಳನ್ನು ಬೇರೆಯಾಗಿ ಅಳೆದು, ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಜೀವಕೋಶದ ‘ನೆಟ್‌ವರ್ಕ್’ ಬರೆಯುವುದೇಕೆ? ಬರೀ ಬಯಾಲಜಿ ಓದಿದ ನನಗೆ ಇದು ಕೈಗೆಟುಕೀತೇ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ರೇಷನ್ ಕಾರ್ಡಿನಲ್ಲಿ ಮನೆಮಂದಿಯ ಹೆಸರೆಲ್ಲ ಇರುತ್ತದೆ, ಆ ಮನೆಯಲ್ಲಿ ಯಾರ ಮಾತು ಯಾರ ಹತ್ತಿರ ನಡೆಯುತ್ತದೆ ಎನ್ನುವುದು ಇರುವುದಿಲ್ಲ. ಜೀನೋಮ್ ಕೂಡ ಹಾಗೆಯೇ. ಬ್ರೆಡ್ಡಿಗೆ ಹಾಕುವ ಯೀಸ್ಟ್‌ನ ಸುಮಾರು 6,000 ಜೀನ್‌ಗಳ ಪಟ್ಟಿ 1996ರಲ್ಲೇ ಸಿಕ್ಕಿತು. ಅವು ಒಂದನ್ನೊಂದು ಹೇಗೆ ನಡೆಸುತ್ತವೆ ಎಂದು ತಿಳಿಯಲು ಬೇರೆಯೇ ಕೆಲಸ ಬೇಕಾಯಿತು.

ಪಾಠ ಮಾಡುವಾಗ ನಾನು ಯಾವಾಗಲೂ ಯೀಸ್ಟ್‌ನ ಗ್ಯಾಲಕ್ಟೋಸ್ ವ್ಯವಸ್ಥೆಯನ್ನೇ ಎತ್ತಿಕೊಳ್ಳುತ್ತೇನೆ. ಹಾಲಿನ ಸಕ್ಕರೆಯ ಒಂದು ಪಾಲು ಗ್ಯಾಲಕ್ಟೋಸ್. ಅದನ್ನು ಅರಗಿಸುವ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್ ಗ್ಯಾಲ್4. ಗ್ಯಾಲ್80 ಎಂಬ ಇನ್ನೊಂದು ಪ್ರೋಟೀನ್ ಅದನ್ನು ತಬ್ಬಿ ಹಿಡಿದು ಕೆಲಸ ಮಾಡಗೊಡದು. ಗ್ಯಾಲಕ್ಟೋಸ್ ಬಂದಾಗ ಗ್ಯಾಲ್3 ಎಂಬುದು ಗ್ಯಾಲ್80ರ ಹಿಡಿತ ಬಿಡಿಸುತ್ತದೆ. ಗ್ಯಾಲ್1, ಗ್ಯಾಲ್7, ಗ್ಯಾಲ್10 ಜೀನ್‌ಗಳು ಜೋರಾಗಿ ಕೆಲಸಕ್ಕಿಳಿಯುತ್ತವೆ. ದಶಕಗಳ ಕಾಲ ಅಧ್ಯಯನವಾದ ವ್ಯವಸ್ಥೆ ಇದು. ಇದರಲ್ಲಿ ಹೊಸದೇನೂ ಉಳಿದಿಲ್ಲ ಎನಿಸುವಂಥದ್ದು.

ಅಮೆರಿಕದ ಸಿಯಾಟಲ್‌ನಲ್ಲಿ ಟ್ರೇ ಐಡೆಕರ್, ಲೆರಾಯ್ ಹುಡ್ ಮತ್ತು ಸಂಗಡಿಗರು ಇದನ್ನೇ ಮತ್ತೆ ಕೆದಕಿದರು. ಒಂದೊಂದೇ ಗ್ಯಾಲ್ ಜೀನನ್ನು ಕಿತ್ತುಹಾಕಿ, ಗ್ಯಾಲಕ್ಟೋಸ್ ಕೊಟ್ಟೂ ಕೊಡದೆಯೂ, 20 ಬಗೆಯಲ್ಲಿ ಕೋಶವನ್ನು ಕದಡಿ ನೋಡಿದರು. 2001ರಲ್ಲಿ ಬಂದ ಅವರ ಪ್ರಬಂಧದ ಪ್ರಕಾರ 997 ಎಂಆರ್‌ಎನ್‌ಎಗಳು (ಪ್ರೋಟೀನ್ ತಯಾರಿಸಲು ಕೋಶ ಬರೆದುಕೊಳ್ಳುವ ಜೀನ್‌ನ ನಕಲುಗಳು) ಏರುಪೇರಾದವು. ಪ್ರೋಟೀನ್‌ಗಳನ್ನೂ ಅಳೆದರು: ಸಿಕ್ಕ 289ರಲ್ಲಿ ಸುಮಾರು 15ರ ಮಟ್ಟ ಎಂಆರ್‌ಎನ್‌ಎ ಹಂತ ದಾಟಿದ ಮೇಲೆ ನಿರ್ಧಾರವಾಗುತ್ತಿರುವಂತೆ ಕಂಡಿತು. ಪ್ರೋಟೀನನ್ನೇ ಅಳೆಯಬೇಕು ಎನ್ನುವುದು ಇದಕ್ಕೇ.

ನನಗೆ ತುಂಬ ಇಷ್ಟವಾದದ್ದು ಇನ್ನೊಂದು ಸಂಗತಿ. ಗ್ಯಾಲ್7 ಬರೀ ಕಿಣ್ವ, ಯಾರನ್ನೂ ಆಳುವ ಪ್ರೋಟೀನ್ ಅಲ್ಲ. ಆದರೂ ಅದನ್ನು ಕಿತ್ತಾಗ ಉಳಿದ ಗ್ಯಾಲ್ ಜೀನ್‌ಗಳೂ ತಗ್ಗಿದವು! ಗ್ಯಾಲ್10 ಕಿತ್ತಾಗಲೂ ಅದೇ ಕಥೆ. ಪುಸ್ತಕದ ನಕ್ಷೆಯಲ್ಲಿ ಇದಕ್ಕೆ ಕಾರಣವಿರಲಿಲ್ಲ. ಗ್ಯಾಲಕ್ಟೋಸ್ ಅರಗುವ ದಾರಿಯಲ್ಲಿ ಸಿಕ್ಕಿಕೊಂಡು ಶೇಖರವಾಗುವ ಗ್ಯಾಲಕ್ಟೋಸ್-1-ಫಾಸ್ಫೇಟ್ ಎಂಬ ನಡುವಣ ವಸ್ತು ಹಿಂದಕ್ಕೆ ಸಂದೇಶ ಕಳಿಸುತ್ತಿದೆಯೇ ಎಂದು ಊಹಿಸಿದರು. ಅದು ಶೇಖರವೇ ಆಗದಂತೆ, ಅದನ್ನು ತಯಾರಿಸುವ ಗ್ಯಾಲ್1 ಅನ್ನೂ ಗ್ಯಾಲ್10 ಜತೆಗೇ ಕಿತ್ತು ನೋಡಿದರು. ಫಲಿತಾಂಶ ಊಹೆಯನ್ನು ಬೆಂಬಲಿಸಿತು. ಮನುಷ್ಯರಲ್ಲಿ ಗ್ಯಾಲ್7ಕ್ಕೆ ಸಮನಾದ ಕಿಣ್ವ ಕೆಟ್ಟರೆ ಹಸುಗೂಸಿಗೆ ತಾಯಿಹಾಲೇ ಅಪಾಯ; ಆ ರೋಗದ ಹೆಸರು ಗ್ಯಾಲಕ್ಟೋಸೀಮಿಯಾ. ಆದ್ದರಿಂದ ಯೀಸ್ಟ್‌ನ ಈ ಲೆಕ್ಕಾಚಾರ ನಮಗೆ ದೂರದ್ದಲ್ಲ.

ಸಾವಿರಾರು ಅಳತೆಗಳನ್ನು ತಿಳಿದಿರುವ ನಂಟುಗಳ ನಕ್ಷೆಯ ಮೇಲೆ ಕೂರಿಸಿ, ಎಲ್ಲಿ ಹೊಂದುತ್ತಿಲ್ಲ ಎಂದು ಹುಡುಕುವುದು ಕೈಬರಹದಲ್ಲಿ ಆಗದು. ಕಂಪ್ಯೂಟರ್ ಬೇಕಾಗುವುದು ಅಲ್ಲಿ.

ನಿಮ್ಮ ಕೊನೆಯ ಪ್ರಶ್ನೆಗೆ: ಖಂಡಿತ ಎಟುಕುತ್ತದೆ. ಇದು ಬೆಂಗಳೂರಿನಲ್ಲೇ ನಡೆಯುವ ಕೆಲಸ. 2014ರ ಮಾನವ ಪ್ರೋಟಿಯೋಮ್ (ನಮ್ಮ ದೇಹದ ಎಲ್ಲ ಪ್ರೋಟೀನ್‌ಗಳ) ಕರಡು ನಕ್ಷೆಯೊಂದರಲ್ಲಿ, 17,294 ಜೀನ್‌ಗಳ ಪ್ರೋಟೀನ್ ಗುರುತಿಸಿದ ತಂಡದಲ್ಲಿ, ಇಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನವರ ಪಾಲು ದೊಡ್ಡದು. ಇಂಥ ನೆಟ್‌ವರ್ಕ್ ಬರೆದು ತೋರಿಸುವ ಸೈಟೋಸ್ಕೇಪ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಮೊದಲು ಈ ಗ್ಯಾಲಕ್ಟೋಸ್ ನೆಟ್‌ವರ್ಕನ್ನೇ ತೆರೆದು ಗ್ಯಾಲ್4 ಎಲ್ಲಿದೆ ಹುಡುಕಿ. ಜತೆಗೆ ಸಂಖ್ಯಾಶಾಸ್ತ್ರವನ್ನು ಗಟ್ಟಿಯಾಗಿ ಕಲಿಯಿರಿ. ಪ್ರೋಗ್ರಾಮಿಂಗ್‌ಗಿಂತ ಮೊದಲು ಅದು ಬೇಕು.