ಅಮೆರಿಕದ ಮಹಿಳಾ ಹಕ್ಕುಗಳ ಹೋರಾಟದಲ್ಲಿ ಸೂಸಾನ್ ಆಂಟನಿ ಬಿಟ್ಟರೆ ಇನ್ಯಾರ ಬಗ್ಗೆ ಓದಬೇಕು?

ನನ್ನನ್ನು ಕೇಳಿದರೆ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್. ನೀವು ಹೆಸರಿಸಿದ ಆಂಟನಿ ದೊಡ್ಡ ಹೋರಾಟಗಾರ್ತಿ, ಅದರಲ್ಲಿ ಎರಡು ಮಾತಿಲ್ಲ. 1872ರಲ್ಲಿ ಹೆಂಗಸರಿಗೆ ಹಕ್ಕಿಲ್ಲದಾಗಲೇ ಮತ ಹಾಕಿ ಬಂದರು, ನ್ಯಾಯಾಲಯ ವಿಧಿಸಿದ 100 ಡಾಲರ್ ದಂಡವನ್ನು ಕೊನೆಗೂ ಕಟ್ಟಲಿಲ್ಲ. ಆದರೆ ವೆಲ್ಸ್ ತಮ್ಮದೇ ಚಳವಳಿಯ ಒಳಗೂ ಸೆಣಸಬೇಕಾಯಿತು.

ಹುಟ್ಟಿದ್ದು 1862ರಲ್ಲಿ, ಮಿಸಿಸಿಪ್ಪಿಯಲ್ಲಿ, ಗುಲಾಮ ತಂದೆತಾಯಿಗೆ. ಹದಿನಾರನೇ ವಯಸ್ಸಿಗೆ ಹಳದಿ ಜ್ವರ ಅಪ್ಪ ಅಮ್ಮ ಇಬ್ಬರನ್ನೂ ಒಯ್ದಿತು. ಮೇಷ್ಟ್ರ ಕೆಲಸ ಹಿಡಿದು ತಮ್ಮ-ತಂಗಿಯರನ್ನು ಸಾಕಿದರು. ಮುಂದೊಮ್ಮೆ ಟಿಕೆಟ್ ಇದ್ದರೂ ರೈಲಿನ ಮಹಿಳೆಯರ ಬೋಗಿಯಿಂದ ಏಳು ಎಂದ ಕಂಡಕ್ಟರ್, ರಟ್ಟೆ ಹಿಡಿದು ಎಳೆದ. ಅವರು ಮುಂದಿನ ಸೀಟಿಗೆ ಕಾಲು ಒತ್ತಿ ಕೂತು ಅವನ ಕೈ ಕಚ್ಚಿದರು! ಕೇಸು ಹಾಕಿ 500 ಡಾಲರ್ ಪರಿಹಾರವನ್ನೂ ಗೆದ್ದರು. 1887ರಲ್ಲಿ ಟೆನೆಸಿಯ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. 1892ರಲ್ಲಿ ಮೆಂಫಿಸ್‌ನಲ್ಲಿ ಅವರ ಗೆಳೆಯರನ್ನು ಬಿಳಿಯರು ಗುಂಪು ಸೇರಿ ಕೊಂದಾಗ ವೆಲ್ಸ್ ತಮ್ಮ ಪತ್ರಿಕೆಯಲ್ಲಿ ಖಂಡಿಸಿ ಬರೆದರು; ಬಿಳಿಯರ ಗುಂಪು ಪತ್ರಿಕೆಯ ಕಚೇರಿಯನ್ನೇ ಪುಡಿ ಮಾಡಿತು, ವೆಲ್ಸ್ ಊರು ಬಿಡಬೇಕಾಯಿತು.

ಇನ್ನು 1913ರ ಮಾರ್ಚ್ 3. ವಾಷಿಂಗ್ಟನ್‌ನಲ್ಲಿ ಮತದಾನದ ಹಕ್ಕಿಗಾಗಿ ಹೆಂಗಸರ ಭಾರೀ ಮೆರವಣಿಗೆ. ಶಿಕಾಗೋದಲ್ಲಿ ಕಪ್ಪು ಮಹಿಳೆಯರ ಆಲ್ಫಾ ಸಫ್ರೇಜ್ ಕ್ಲಬ್ ಕಟ್ಟಿದ್ದ ವೆಲ್ಸ್ ಇಲಿನಾಯ್ ತಂಡದ ಜೊತೆ ಬಂದಿದ್ದರು. ದಕ್ಷಿಣದ ಬಿಳಿಯರು ಮುನಿಸಿಕೊಂಡಾರೆಂದು, ನೀವು ಹಿಂದೆ ಕಪ್ಪು ಮಹಿಳೆಯರ ಸಾಲಿಗೆ ಹೋಗಿ ಎಂದರು ಅವರ ತಂಡದವರೇ. ಇಲಿನಾಯ್ ಜೊತೆಗಲ್ಲದೆ ನಡೆಯುವುದೇ ಇಲ್ಲ ಎಂದ ವೆಲ್ಸ್ ಜನರ ನಡುವೆ ಮರೆಯಾದರು. ಮೆರವಣಿಗೆ ಸಾಗುತ್ತಿರುವಾಗ ಜನಸಂದಣಿಯಿಂದ ಹೊರಬಂದು, ಇಬ್ಬರು ಬಿಳಿಯ ಗೆಳತಿಯರ ನಡುವೆ ಸೇರಿ ತಮ್ಮ ರಾಜ್ಯದ ಸಾಲಿನಲ್ಲೇ ನಡೆದರು. ಹಕ್ಕು ಕೇಳುವವರೇ ಹಕ್ಕು ಕೇಳುವವಳನ್ನು ಹಿಂದಕ್ಕೆ ತಳ್ಳಿದ್ದು ನನಗೆ ಇಂದಿಗೂ ನೋವು ತರುತ್ತದೆ.

ಅದೇ ವರ್ಷ ಇಲಿನಾಯ್ ಹೆಂಗಸರಿಗೆ ನಗರಸಭೆ ಚುನಾವಣೆಯಲ್ಲಿ ಮತದ ಹಕ್ಕು ಸಿಕ್ಕಿತು. ವೆಲ್ಸ್ ಅವರ ಕ್ಲಬ್ಬಿನವರು ಮನೆಮನೆಗೆ ಹೋಗಿ ಮತದಾರರನ್ನು ಒಟ್ಟುಗೂಡಿಸಿದರು. ಆ ಮತಗಳ ನೆರವೂ ಸೇರಿ 1915ರಲ್ಲಿ ಆಸ್ಕರ್ ಡಿ ಪ್ರೀಸ್ಟ್ ಶಿಕಾಗೋ ನಗರಸಭೆಗೆ ಗೆದ್ದ ಮೊದಲ ಕಪ್ಪು ಸದಸ್ಯರಾದರು.

ಇವರಾದ ಮೇಲೆ, ಕಪ್ಪು ಜನರ ಮತದ ಹಕ್ಕಿಗಾಗಿ ಹೋರಾಡಿದ ಫ್ಯಾನಿ ಲೂ ಹೇಮರ್ ಬಗ್ಗೆ ಓದಿ. ಹೆಂಗಸರಿಗೆ ಮತದ ಹಕ್ಕು ಕೊಟ್ಟ 1920ರ ಸಂವಿಧಾನ ತಿದ್ದುಪಡಿ ಬಂದು ನಾಲ್ಕು ದಶಕ ಕಳೆದರೂ, 1962ರಲ್ಲಿ ಮಿಸಿಸಿಪ್ಪಿಯಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದದ್ದಕ್ಕೆ ಜಮೀನಿನ ಒಡೆಯ ಅವರನ್ನು ಹೊರಹಾಕಿದ.